ಹೆಂಚಿನ ಬೆನ್ನ ಮೇಲಿನ ವಿಳಾಸ

ದೊಡ್ಡಮ್ಮನ ಮನೆ ಇರುವುದು ಚಾಮರಾಜಪೇಟೆಯಲ್ಲಿ. ಮನೆಯ ಹಿಂಭಾಗ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಪ್ಪಟೆ ಸೂರು. ಮುಂದಿನ ಪಡಸಾಲೆ, ಪಕ್ಕದ ಆಫೀಸು ರೂಮು, ನಡುಮನೆ, ಇಷ್ಟಕ್ಕೆ ಮಂಗಳೂರು ಹೆಂಚಿನ ಸೂರು. ರಸ್ತೆ ಕಡೆಯ ಇಳಿಜಾರು ಎರಡೂವರೆ ಚದರ (ಚದರ ಅಂದರೆ ನೂರು ಚದರಡಿ), ಹಿತ್ತಿಲ ಕಡೆಯದು ಎರಡು ಚದರ. ನನಗೆ ಬುದ್ಧಿ ಬಂದಾಗಿನಿಂದ ಮಳೆ ಶುರುವಾದರೆ ನಡುಮನೆಯ ಮೂಲೆಯಲ್ಲಿ ಒಂದು ಬಕೆಟ್ಟು ಕೂರುತ್ತಿತ್ತು. ಹೋದ ವರ್ಷ ಎರಡಾದವು. ದೀಪಾವಳಿ ಹೊತ್ತಿಗೆ ಮೂರನೆಯದಾಗಿ ಕೊಳದಪ್ಪಲೆಯೂ ಬಂತು.

ಬೀದಿಯವರ ಸಲಹೆ ಒಂದೇ: ಕಿತ್ತು ಬಿಸಾಕಿ ಶೀಟು ಹೊದಿಸಿ. ಒಬ್ಬ ಕಂಟ್ರಾಕ್ಟರು ಬಂದು ಕತ್ತೆತ್ತಿ ನೋಡಿ, "ಒಂದೇ ದಿನದ ಕೆಲಸ ಸಾರ್, ಬಣ್ಣ ಮಾತ್ರ ನೀವು ಆರಿಸಿ" ಅಂದ. ದೊಡ್ಡಮ್ಮ ಅವನಿಗೆ ಕಾಫಿ ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿ, "ಏಪ್ರಿಲ್‌ನಲ್ಲಿ ಆ ಶೀಟಿನ ಕೆಳಗೆ ನೀನು ಬಂದು ಮಲಗ್ತೀಯೇನೋ?" ಅಂದರು. ಅಲ್ಲಿಗೆ ಕೆಲಸ ನನ್ನ ತಲೆಗೆ ಬಂತು. ನನ್ನ ಹೊಟ್ಟೆಪಾಡು ಲೆಕ್ಕಪತ್ರದ್ದು, ಗಾರೆ ಕೆಲಸವಲ್ಲ. ಕೈಯಲ್ಲಿದ್ದದ್ದು ಭಾನುವಾರಗಳು ಮಾತ್ರ. ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ ಮಧ್ಯಕ್ಕೆ, ನಾವು ಶುರು ಮಾಡಿದ್ದು ಫೆಬ್ರವರಿ ಮೊದಲ ವಾರ.

ಮೊದಲ ಭಾನುವಾರ: ನೀರು ಬರುವುದು ಎಲ್ಲಿಂದ

ಸೋರುವ ಜಾಗದ ನೇರ ಮೇಲೆ ಹೆಂಚು ಒಡೆದಿರುತ್ತದೆ ಅಂದುಕೊಂಡರೆ ಕೆಟ್ಟೆವು. ಒಳಗೆ ಇಳಿದ ನೀರು ಹೆಂಚು ಕೂರುವ ಅಡ್ಡಪಟ್ಟಿ ರೀಪರ್ ಹಿಡಿದು, ಅದನ್ನು ಹೊತ್ತ ಇಳಿಜಾರು ತೊಲೆ ರಾಫ್ಟರ್ ಹಿಡಿದು ಆರಡಿ ನಡೆದುಕೊಂಡು ಹೋಗಿ, ತನಗೆ ಬೇಕಾದ ಕಡೆ ತೊಟ್ಟಿಕ್ಕುತ್ತದೆ. ಅದಕ್ಕೆ ಪೈಪು ಹಿಡಿದು ನೀರು ಬಿಡುವಾಗ ಕೆಳಗಿನ ಸಾಲಿನಿಂದ ಶುರು ಮಾಡಬೇಕು. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಸಾಲುಗಳನ್ನೂ ತೋಯಿಸಿಕೊಂಡೇ ಇಳಿಯುತ್ತದೆ, ಯಾವ ಸಾಲು ಕಳ್ಳ ಅಂತ ಗೊತ್ತಾಗುವುದಿಲ್ಲ. ನಾನು ಏಣಿ ಮೇಲೆ, ಅಣ್ಣನ ಮಗ ಒಳಗೆ ಟಾರ್ಚ್ ಹಿಡಿದು. ಸಾಲಿಗೆ ಐದು ನಿಮಿಷ. ಐದು ಸಾಲು ತಣ್ಣಗಿದ್ದವು. ಆರನೆಯದಕ್ಕೆ ಒಳಗಿಂದ "ಬಂತು ಚಿಕ್ಕಪ್ಪಾ, ನಿಲ್ಲಿಸು!"

ಹತ್ತಿ ನೋಡಿದರೆ ಆ ಸಾಲಿನಲ್ಲಿ ಒಂದು ಹೆಂಚೂ ಒಡೆದಿರಲಿಲ್ಲ. ಅರ್ಧ ಗಂಟೆ ಬೇಸ್ತು ಬಿದ್ದವನ ಹಾಗೆ ಕೂತಿದ್ದೆ. ಆಮೇಲೆ ಕಣ್ಣನ್ನು ಹೆಂಚಿನ ಮಟ್ಟಕ್ಕೆ ಇಳಿಸಿ ಸಾಲಿನುದ್ದ ನೋಡಿದಾಗ ಗೊತ್ತಾಯಿತು. ಹದಿನೈದು ಹೆಂಚು ಸಾಲಾಗಿ ಮಲಗಿದ್ದರೆ, ಮಧ್ಯೆ ಎರಡು ಮಾತ್ರ ಒಂದು ಕಡೆ ತಲೆ ಎತ್ತಿದ್ದವು. ಬೆರಳಿನ ಉಗುರು ತೂರುವಷ್ಟು ಸಂದು. ಆ ಎರಡರ ಬಣ್ಣವೂ ಸ್ವಲ್ಪ ಬೇರೆ.

ಈ ಹೆಂಚಿನ ಗುಟ್ಟೆಲ್ಲ ಅಂಚಿನಲ್ಲಿದೆ. ಒಂದು ಪಕ್ಕದಲ್ಲಿ ಸಣ್ಣ ಕಾಲುವೆ, ಇನ್ನೊಂದು ಪಕ್ಕದಲ್ಲಿ ಅದರ ಮೇಲೆ ಕವುಚಿಕೊಳ್ಳುವ ಏಣು. ಪಕ್ಕದ ಹೆಂಚಿನ ಏಣು ಈ ಹೆಂಚಿನ ಕಾಲುವೆಯೊಳಗೆ ಕೂತರೆ ಬೀಗ ಬಿದ್ದಂತೆ. ಒಳನುಗ್ಗಿದ ನೀರು ಕಾಲುವೆಯಲ್ಲೇ ಇಳಿದು ಕೆಳಗಿನ ಹೆಂಚಿನ ಬೆನ್ನ ಮೇಲೆ ಬೀಳುತ್ತದೆ. ಆದರೆ ಬೀಗ ಬೀಳಬೇಕಾದರೆ ಎರಡೂ ಒಂದೇ ಅಚ್ಚಿನಿಂದ ಬಂದಿರಬೇಕು. ವರ್ನಿಯರ್ ಹಿಡಿದು ಅಳೆದೆ: ಹಳೇ ಹೆಂಚಿನ ಕಾಲುವೆಗೂ ಆ ಎರಡು ಹೆಂಚಿನ ಏಣಿಗೂ 4 ಮಿಲಿಮೀಟರ್ ವ್ಯತ್ಯಾಸ. ಯಾವಾಗಲೋ ಯಾರೋ ರಿಪೇರಿ ಮಾಡುವಾಗ ಒಡೆದದ್ದರ ಜಾಗಕ್ಕೆ ಸಿಕ್ಕಿದ ಹೆಂಚು ತುರುಕಿದ್ದಾರೆ. ಕೂರದಿದ್ದಾಗ ಸಿಮೆಂಟು ಮೆತ್ತಿದ್ದಾರೆ. ಸಿಮೆಂಟು ಬಿಸಿಲಿಗೆ ಬಿರಿದು, ಪಕ್ಕದ ಒಳ್ಳೇ ಹೆಂಚಿನ ಅಂಚನ್ನೂ ಕಿತ್ತುಕೊಂಡು ಬಂದಿದೆ. ಮೂವತ್ತು ವರ್ಷ ನಾವು ಬಕೆಟ್ಟು ಇಟ್ಟದ್ದು ಆ 4 ಮಿಲಿಮೀಟರಿಗೆ.

ಎರಡು, ಮೂರನೇ ವಾರ: ಇಳಿಸುವುದು

ನನಗೆ ಸಿಕ್ಕ ಗಾರೆ ಮೇಸ್ತ್ರಿಗೆ ಹೆಂಚಿನ ಸೂರು ಗೊತ್ತಿತ್ತು. ಈಗಿನ ಬೆಂಗಳೂರಿನಲ್ಲಿ ಅದು ಸಣ್ಣ ಅದೃಷ್ಟವಲ್ಲ. ಅವರು ಒಂದೇ ದಿನ ಎಲ್ಲ ಇಳಿಸಿಬಿಡೋಣ ಅಂದರು. ನಾನು ಒಪ್ಪಲಿಲ್ಲ. ಪ್ರತಿ ಹೆಂಚಿಗೂ ಸೀಮೆಸುಣ್ಣದಲ್ಲಿ ನಂಬರು ಬರೆದೇ ಇಳಿಸಬೇಕು ಅಂದೆ. ಮುಂಭಾಗ, ಅಂದರೆ ರಸ್ತೆ ಕಡೆಯ ಇಳಿಜಾರು, 10 ಸಾಲು, ಸಾಲಿಗೆ 35 ಹೆಂಚು. ಹಿಂಭಾಗ, ಅಂದರೆ ಹಿತ್ತಿಲ ಕಡೆಯದು, 8 ಸಾಲು, ಅದಕ್ಕೂ 35. ಒಟ್ಟು 630. "ಹೆಂಚಿಗೆಲ್ಲ ಆಧಾರ್ ಮಾಡಿಸ್ತಿದ್ದಾರೆ ನೋಡ್ರಪ್ಪಾ" ಅಂತ ಮೇಸ್ತ್ರಿ ಕೆಳಗಿದ್ದ ಹುಡುಗರಿಗೆ ಕೂಗಿ ಹೇಳಿದರು. ಇರಲಿ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಅದು.

ಇಳಿಸಿದ ಹೆಂಚನ್ನು ಮಲಗಿಸಿ ಪೇರಿಸಬಾರದು, ಅಡಿಯದು ಭಾರಕ್ಕೆ ಸೀಳುತ್ತದೆ. ಗೋಡೆಗೊರಗಿಸಿ, ಪುಸ್ತಕ ಜೋಡಿಸಿದ ಹಾಗೆ ಅಂಚಿನ ಮೇಲೆ ನಿಲ್ಲಿಸಬೇಕು. ತೊಳೆಯಲು ತೆಂಗಿನ ನಾರು, ಬರೀ ನೀರು. ಪ್ರೆಶರ್ ವಾಷರ್ ಬಾಡಿಗೆಗೆ ತರೋಣ ಅಂತ ಅಣ್ಣನ ಮಗ ಎರಡು ಸಲ ಹೇಳಿದ. ಗೂಡಿನಲ್ಲಿ ಬೆಂದ ಹೆಂಚಿನ ಮೇಲ್ಮೈಯೇ ಅದರ ಚರ್ಮ. ಅದು ಸುಲಿದರೆ ಒಳಗಿನ ಮಣ್ಣು ನೀರು ಕುಡಿಯುತ್ತದೆ. ಒಂದು ಹೆಂಚನ್ನು ಒಣಗಿಸಿ ತೂಗಿದೆ: 2 ಕೆಜಿ 400 ಗ್ರಾಂ. ಒಂದು ಹಗಲು ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಒರೆಸಿ ತೂಗಿದರೆ 2 ಕೆಜಿ 710. ಶೇಕಡ 13ಕ್ಕೆ ಸ್ವಲ್ಪ ಕಡಿಮೆ. ಅದೇ ಪರೀಕ್ಷೆಯನ್ನು ಆ ತಲೆ ಎತ್ತಿದ ಹೆಂಚಿಗೆ ಮಾಡಿದಾಗ ಶೇಕಡ 21 ಬಂತು.

ಒಲೆಯ ಹೊಗೆ ಹತ್ತಿ ಹೆಂಚಿನ ಒಳಬದಿಯೆಲ್ಲ ಕಪ್ಪು. ಉಜ್ಜಿದಾಗ ಅಕ್ಷರದಂಥದ್ದೇನೋ ಕಂಡಿತು, ಓದಲಾಗಲಿಲ್ಲ. ದೊಡ್ಡಮ್ಮ ಒಳಗಿಂದ ರಂಗೋಲಿ ಪುಡಿ ತಂದು ಹೆಂಚಿನ ಮೇಲೆ ಸುರಿದು ಅಂಗೈಯಲ್ಲಿ ಸವರಿ, ಮೇಲಿನದನ್ನು ಊದಿದರು. ತಗ್ಗಿನಲ್ಲೆಲ್ಲ ಬಿಳಿ ನಿಂತಿತು. ಇಂಗ್ಲಿಷ್ ದೊಡ್ಡಕ್ಷರಗಳು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865, ಮಂಗಳೂರು.

ಇಲ್ಲಿ ಒಂದು ಮಾತು. ಈ 1865 ನೋಡಿ "ನಮ್ಮ ಮನೆ ಹೆಂಚು ನೂರೈವತ್ತು ವರ್ಷದ್ದು" ಎಂದು ಎದೆಯುಬ್ಬಿಸುವವರು ಬಹಳ ಜನ ಇದ್ದಾರೆ. ಅದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಚಾಮರಾಜಪೇಟೆ ಬಡಾವಣೆಯೇ ಆದದ್ದು 1892ರಲ್ಲಿ. ಅದಕ್ಕಿಂತ ಮುಂಚೆ ಇಲ್ಲಿ ಸೂರು ಎಲ್ಲಿಂದ ಬಂತು?

ನಕ್ಷೆ

ನಾನು ಚೌಕುಳಿ ಹಾಳೆಯ ಮೇಲೆ 630 ಮನೆ ಬರೆದು, ಯಾವ ನಂಬರಿನ ಹೆಂಚಿಗೆ ಯಾವ ಮುದ್ರೆ ಅಂತ ಬಣ್ಣ ತುಂಬುತ್ತಾ ಹೋದೆ. ಮೂರು ರಾತ್ರಿ ಹಿಡಿಯಿತು. ಬಾಸೆಲ್ ಮಿಷನ್ 163, ಕಾಮನ್‌ವೆಲ್ತ್ ಟ್ರಸ್ಟ್ 121, ಆಲ್ಬುಕರ್ಕ್ ಅಂಡ್ ಸನ್ಸ್ 176, ಹೆಸರು ದಿಕ್ಕಿಲ್ಲದವು 116, ಪೂರ್ತಿ ಒಡೆದವು 54.

ಆಲ್ಬುಕರ್ಕ್ ಹೆಂಚುಗಳೆಲ್ಲ ಹಿಂಭಾಗದಲ್ಲೇ ಇದ್ದವು. ಮುಂಭಾಗದಲ್ಲಿ ಬಲಗಡೆಯ 21 ಕಂಬಸಾಲು (ನೆತ್ತಿಯಿಂದ ಕೆಳಗಿನ ಅಂಚಿನವರೆಗೆ ಇಳಿಯುವ ಸಾಲು) ಬಾಸೆಲ್, ಎಡಗಡೆಯ 14 ಕಂಬಸಾಲು ಕಾಮನ್‌ವೆಲ್ತ್. ನಡುವಿನ ಗೆರೆ ಸ್ಕೇಲಿಟ್ಟು ಎಳೆದ ಹಾಗೆ ನೇರ. ಹೆಸರಿಲ್ಲದವು ಸಿಡುಬಿನ ಕಲೆಯಂತೆ ಎಲ್ಲ ಕಡೆ. ಬಕೆಟ್ಟು ಇಡುತ್ತಿದ್ದ ಮೂಲೆಯ ಮೇಲಂತೂ ದಟ್ಟವಾಗಿದ್ದವು.

ಆ ನೇರ ಗೆರೆಯ ಅರ್ಥ ತಿಳಿಯಬೇಕಾದರೆ ಮಂಗಳೂರಿಗೆ ಹೋಗಬೇಕು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನದ್ದಾದರೂ ಅಲ್ಲಿಂದ ಇಲ್ಲಿಗೆ ಬಂದವರಲ್ಲಿ ಬಹಳ ಮಂದಿ ಜರ್ಮನರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗ್ ಈ ಮಿಷನ್ನಿನವರು. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದು ಇದೇ ಮಿಷನ್ನಿನ ಛಾಪಖಾನೆಯಲ್ಲಿ. ಆ ಛಾಪಖಾನೆಯ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರ ಬಲ್ಲವನು ನೇತ್ರಾವತಿಯ ಮಣ್ಣನ್ನು ಹದ ಮಾಡಿ, ಒತ್ತಿ, ಸುಟ್ಟು ನೋಡುತ್ತಾ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎಬ್ಬಿಸಿದ. ಬೀಗದ ಅಂಚಿನ ಹೆಂಚು ಅವನ ತಲೆಯಿಂದ ಬಂದದ್ದಲ್ಲ. ಫ್ರಾನ್ಸಿನ ಆಲ್ಸೇಸಿನಲ್ಲಿ ಗಿಲಾರ್ಡೋನಿ ಅಣ್ಣತಮ್ಮಂದಿರು 1841ರಲ್ಲೇ ಅದಕ್ಕೆ ಪೇಟೆಂಟ್ ತೆಗೆದಿದ್ದರು. ಅಚ್ಚು ಒತ್ತುವವನ ಕೈಗೆ ಹೆಂಚಿನ ಅಚ್ಚೂ ಒಗ್ಗಿದ್ದು ನನಗೆ ಸಹಜವಾಗೇ ಕಾಣುತ್ತದೆ. ಎರಡರಲ್ಲೂ ಕೆಲಸ ಮಿಲಿಮೀಟರಿನದು.

ಮೊದಲ ಮಹಾಯುದ್ಧ ಬಂದಾಗ ಜರ್ಮನರು ಶತ್ರುಗಳಾದರು. ಮಿಷನ್ನಿನ ಕಾರ್ಖಾನೆಗಳು ಸರ್ಕಾರದ ಕೈ ಸೇರಿ, 1919ರ ಸುಮಾರಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಅಂದರೆ ನನ್ನ ನಕ್ಷೆಯ ಬಲಭಾಗ ಯುದ್ಧಕ್ಕೆ ಮುಂಚಿನ ಮಾಲು, ಎಡಭಾಗ ಯುದ್ಧದ ನಂತರದ್ದು. ಎರಡರ ಏಣು, ಕಾಲುವೆ ಅಳೆದರೆ ಕೂದಲೆಳೆಯ ವ್ಯತ್ಯಾಸವಿಲ್ಲ. ನನ್ನ ಕೈಯಲ್ಲಿದ್ದ ಹೆಂಚುಗಳ ಮಟ್ಟಿಗೆ, ಗೇಟಿನ ಮೇಲಿನ ಬೋರ್ಡು ಬದಲಾದರೂ ಒಳಗಿನ ಅಚ್ಚು ಬದಲಾಗಿರಲಿಲ್ಲ.

ಎಡಗಡೆಯ 14 ಕಂಬಸಾಲಿನ ಕೆಳಗಿರುವುದೇ ಆಫೀಸು ರೂಮು. ವಕೀಲರಾಗಿದ್ದ ದೊಡ್ಡಮ್ಮನ ಮಾವನವರು ಕಕ್ಷಿದಾರರನ್ನು ಕೂರಿಸುತ್ತಿದ್ದ ಜಾಗ. "ಮನೆ ಕಟ್ಟಿದಾಗಲೇ ಆ ರೂಮೂ ಕಟ್ಟಿದ್ದು" ಎನ್ನುವುದು ಮನೆಯ ಪುರಾಣ. ಗೆರೆಯ ನೇರ ಕೆಳಗೆ, ಗೋಡೆಯ ಮೂಲೆಯಲ್ಲಿ ಒಂದು ಗೇಣು ಗಾರೆ ಕೆರೆದು ನೋಡಿದೆ. ಎರಡು ಗೋಡೆ ಒಂದಕ್ಕೊಂದು ಹಲ್ಲು ಕಚ್ಚಿರಲಿಲ್ಲ, ನೇರ ಸಂದು. ಆಮೇಲೆ ಸೇರಿಸಿದ ರೂಮು ಅದು. ದೊಡ್ಡಮ್ಮನಿಗೆ ತೋರಿಸಿದೆ. ಸಂದಿನಲ್ಲಿ ಕಡ್ಡಿ ಹಾಕಿ ನೋಡಿ, "ಹೆಂಚಿಗೇನೋ ಗೊತ್ತು ನಮ್ಮನೆ ವಿಷಯ" ಅಂದು ಒಳಗೆ ಹೋದರು. ಸಂಜೆ ಅವರ ತಂಗಿಗೆ ಫೋನಿನಲ್ಲಿ ಇದನ್ನೇ ಅರ್ಧ ಗಂಟೆ ವಿವರಿಸುತ್ತಿದ್ದರು.

ಲೆಕ್ಕ, ಮತ್ತೆ ಕೊರತೆ

ಪ್ರತಿ ಹೆಂಚನ್ನೂ ಎಡಗೈಯಲ್ಲಿ ತೂಗಿ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿಯಬೇಕು. ಟಣ್ ಅಂದರೆ ಇಟ್ಟುಕೊಳ್ಳಿ, ಡಬ್ ಅಂದರೆ ಕಣ್ಣಿಗೆ ಕಾಣದ ಬಿರುಕಿದೆ. ಹೀಗೆ ಮುಂಭಾಗದ್ದು 14, ಹಿಂಭಾಗದ್ದು 6 ಹೋದವು. ಹೆಸರಿಲ್ಲದ 116ನ್ನು ಪೂರ್ತಿ ಕೈಬಿಟ್ಟೆ. ಉಳಿದ ಲೆಕ್ಕದಲ್ಲಿ ಜೆಪ್ಪು ಅಚ್ಚಿನವು (ಬಾಸೆಲ್, ಕಾಮನ್‌ವೆಲ್ತ್ ಎರಡೂ ಸೇರಿ) 80, ಆಲ್ಬುಕರ್ಕ್‌ನವು 110 ಬೇಕು.

ಬಾಂಬೂ ಬಜಾರಿನಲ್ಲಿ, ಹಳೇ ಮನೆ ಒಡೆದ ಮಾಲು ಮಾರುವ ಇನ್ನೂ ಮೂರು ಕಡೆ ಕೇಳಿದೆ. ಹೆಂಚು ಬೇಕಾದಷ್ಟಿತ್ತು. ಎಲ್ಲ ಕಲಬೆರಕೆ, ಅರ್ಧಕ್ಕೆ ಕೆಂಪು ಪೇಂಟು ಬೇರೆ ಹೊಡೆದಿದ್ದರು. ಕೆಫೆಗಳವರು ಅಲಂಕಾರಕ್ಕೆ ಒಯ್ಯುತ್ತಾರಂತೆ, ಅವರಿಗೆ ಬೀಗ ಬಿದ್ದರೆಷ್ಟು ಬಿಟ್ಟರೆಷ್ಟು. ರೀಪರ್ ಮಾತ್ರ ಅಲ್ಲೇ ಸಿಕ್ಕಿತು: ಹಳೇ ಸಾಗುವಾನಿ, ಎರಡಿಂಚು ಒಂದಿಂಚಿನದು, 310 ಅಡಿ. ಅಷ್ಟುದ್ದ ನಮ್ಮಲ್ಲಿ ಗೆದ್ದಲು ತಿಂದು ಬಿಸ್ಕತ್ತಿನಂತಾಗಿತ್ತು. ರಾಫ್ಟರುಗಳು ಕಬ್ಬಿಣದ ಹಾಗಿದ್ದವು, ಎರಡರ ತುದಿ ಮಾತ್ರ ಗೋಡೆಯೊಳಗೆ ಕೊಳೆತಿತ್ತು. ಆಚಾರ್ರು ಓರೆಯಾಗಿ ಕೊಯ್ದು ಹೊಸ ತುಂಡು ಬೆಸೆದುಕೊಟ್ಟರು. ಎಲ್ಲಕ್ಕೂ ಬೋರಾಕ್ಸ್, ಬೋರಿಕ್ ಆಮ್ಲ ಬಿಸಿನೀರಿನಲ್ಲಿ ಕರಗಿಸಿ ಎರಡು ಕೈ ಬಳಿದೆವು.

ಹೆಂಚಿಗೆ ಷಡ್ಡಕರಿಗೆ ಫೋನು ಮಾಡಿದೆ. ಅವರು ಮಂಗಳೂರಿನವರು.

ಐದನೇ ವಾರ: ಹೊಯಿಗೆ ಬಜಾರ್

"ಎಂತ ಮಾರಾಯ್ರೆ, ಹಂಚು ಹುಡುಕ್ಲಿಕ್ಕೆ ಬೆಂಗಳೂರಿಂದ ಬಂದದ್ದಾ?" ಅಂತ ನಗುತ್ತಲೇ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಎದುರುಗೊಂಡರು. ನಮಗೆ ಹೆಂಚು, ಅವರಿಗೆ ಹಂಚು. ನಮ್ಮ ಸೂರು ಅವರಿಗೆ ಮಾಡು. ನನ್ನ ಚೀಲದಲ್ಲಿ ಪ್ಲೈವುಡ್ಡಿನ ಎರಡು ತುಂಡು: ಒಂದಕ್ಕೆ ಜೆಪ್ಪು ಹೆಂಚಿನ ಕಾಲುವೆಯ ಆಕಾರ ಕೊರೆದದ್ದು, ಇನ್ನೊಂದಕ್ಕೆ ಆಲ್ಬುಕರ್ಕ್‌ನದು.

ಬಂದರಿನ ಗಲ್ಲಿಗಳಲ್ಲಿ ಅಡಿಕೆ, ಮೆಣಸಿನ ಮಂಡಿಗಳನ್ನು ದಾಟಿ, ದೋಣಿ ಬಂದು ನಿಲ್ಲುವ ದಕ್ಕೆಗೆ ಇಳಿದೆವು. ಅಲ್ಲಿಂದ ನದಿಯನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ನಡೆದರೆ ಹೊಯಿಗೆ ಬಜಾರ್, ಮುಂದೆ ಬೋಳಾರ, ಕೊನೆಗೆ ಜೆಪ್ಪು. ಹೊಯಿಗೆ ಅಂದರೆ ಮರಳು. ಹೆಸರೇ ನೆಲದ ಗುಣ ಹೇಳುತ್ತದೆ. ಬೀದಿಯ ಒಂದು ಮಗ್ಗುಲು ನದಿಗೆ ಬೆನ್ನು ಹಾಕಿ ನಿಂತ ಗೋದಾಮು, ಅಂಗಳ, ಮೀನಿಗೆ ಐಸು ಮಾಡುವ ಘಟಕ. ಗೋಡೆಗಳು ಮುರಕಲ್ಲಿನವು, ಗಾರೆ ಉದುರಿದ ಕಡೆ ಕಲ್ಲು ಜೇನುಗೂಡಿನಂತೆ ತೂತು ತೂತು. ಗಾಳಿಯಲ್ಲಿ ಒಣಮೀನು, ಡೀಸೆಲ್. ಚಾಮರಾಜಪೇಟೆಯ ಚೂಪು ಮರದ ಮುಸುಕಿನ ಮಂಕಿ ಟಾಪ್ ಕಿಟಕಿಯಂಥ ಒನಪು ಒಯ್ಯಾರ ಇಲ್ಲಿ ಯಾವ ಕಟ್ಟಡಕ್ಕೂ ಇಲ್ಲ. ಇವು ದುಡಿಯಲು ಕಟ್ಟಿದವು. ಸೂರು ಮಾತ್ರ ನಮ್ಮದಕ್ಕಿಂತ ಕಡಿದು, ಚಾಚು ನಮ್ಮದಕ್ಕಿಂತ ಉದ್ದ. ಅಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ನಮ್ಮಲ್ಲಿ ಸಾವಿರವೂ ಇಲ್ಲ. ಅಷ್ಟು ಮಳೆಯನ್ನು ತಡೆಯುವ ಹೆಂಚು ಬೆಂಗಳೂರಿನಲ್ಲಿ ಸೋತಿತು ಅಂದರೆ ತಪ್ಪು ಹೆಂಚಿನದಲ್ಲ, ನಮ್ಮದು.

ಇಷ್ಟೊಂದು ಹೆಂಚಿನ ಕಾರ್ಖಾನೆಗಳು ಈ ನೀರಂಚಿಗೇ ಯಾಕೆ ಅಂಟಿಕೊಂಡವು ಎನ್ನುವುದು ದಕ್ಕೆಯ ಮೇಲೆ ನಿಂತರೆ ಹೇಳಿಸಿಕೊಳ್ಳದೆ ತಿಳಿಯುತ್ತದೆ. ಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯದು, ಮೇಲಿನಿಂದ ದೋಣಿಯಲ್ಲಿ ಇಳಿದು ಬರುತ್ತಿತ್ತು. ಗೂಡಿಗೆ ಸೌದೆಯೂ ಹಾಗೇ. ಸುಟ್ಟ ಹೆಂಚು ಹೋಗಬೇಕಾದದ್ದೂ ನೀರಿನ ಮೇಲೆಯೇ: ಮುಂಬಯಿಗೆ, ಸಿಂಹಳಕ್ಕೆ, ಪೂರ್ವ ಆಫ್ರಿಕಾಕ್ಕೆ. ಎರಡೂ ಹೊಳೆ ಕೂಡಿ ಸಮುದ್ರ ಸೇರುವ ಅಳಿವೆಬಾಗಿಲಲ್ಲಿ ಮರಳು ದಿಬ್ಬ. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ, ದೂರದಲ್ಲೇ ಲಂಗರು. ಇಲ್ಲಿಂದ ದೋಣಿಗಳಲ್ಲಿ ಸರಕು ಒಯ್ದು ಏರಿಸಬೇಕು. ಮಳೆಗಾಲದಲ್ಲಿ ಸಮುದ್ರ ಮುನಿದರೆ ಬಂದರಿಗೇ ಬಾಗಿಲು. ಎರಡು ಕೆಜಿ ಮೇಲೆ ತೂಗುವ, ಎತ್ತಿ ಇಳಿಸಿದ ಪ್ರತಿ ಸಲವೂ ಒಂದಷ್ಟು ಒಡೆಯುವ ಮಾಲಿಗೆ ಕಾರ್ಖಾನೆ ದಕ್ಕೆಯಿಂದ ನೂರು ಗಜ ದೂರವಿದ್ದರೂ ನಷ್ಟವೇ.

ಬಾಸೆಲ್‌ನವರು ಶುರು ಮಾಡಿದ ಮೂರೇ ವರ್ಷಕ್ಕೆ, 1868ರಲ್ಲಿ, ಊರಿನವರದೇ ಆದ ಆಲ್ಬುಕರ್ಕ್ ಕಾರ್ಖಾನೆ ಎದ್ದಿತು. ಆಮೇಲೆ ಹೊಳೆಯುದ್ದಕ್ಕೂ ಹತ್ತಾರು ಬಂದವು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಮಾಲಿಗೆ ನೆಲದ ದಾರಿಯೂ ತೆರೆಯಿತು. ಆದರೆ ಅದು ಕೇರಳದ ಕಡೆಯಿಂದ ಬಂದ ರೈಲು. ಹಾಸನದಿಂದ ಘಟ್ಟ ಇಳಿದು ಮಂಗಳೂರು ಸೇರುವ ಹಳಿ ಪೂರ್ತಿಯಾದದ್ದು 1979ರಲ್ಲಿ. ನಮ್ಮ ಮುಂಭಾಗದ ಬಾಸೆಲ್ ಹೆಂಚು ಅದಕ್ಕೆ ಆರು ದಶಕ ಮೊದಲೇ ಚಾಮರಾಜಪೇಟೆಯ ಸೂರೇರಿ ಕೂತಿತ್ತು.

1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದಾಗ ದೊಡ್ಡ ಹಡಗುಗಳೆಲ್ಲ ಅತ್ತ ತಿರುಗಿದವು. ಹಳೇ ಬಂದರಿಗೆ ಉಳಿದದ್ದು ಮೀನುದೋಣಿ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ. ಅಷ್ಟರಲ್ಲಿ ಮನೆ ಅಂದರೆ ಆರ್‌ಸಿಸಿ ಅನ್ನುವ ಕಾಲ ಬಂದಿತ್ತು. ಮಣ್ಣೂ ದುಬಾರಿ, ಸೌದೆಯೂ ದುಬಾರಿ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು.

ನಾವು ಹುಡುಕಿ ಹೋದ ಅಂಗಳದಲ್ಲಿ, ಅದೇ ಬೀದಿಯ ಗೋದಾಮೊಂದನ್ನು ಕೆಡವಿ ತಂದ ಹೆಂಚು ಅಂಚಿನ ಮೇಲೆ ಸಾಲಾಗಿ ನಿಂತಿತ್ತು. ಅಂಗಳದ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ನನ್ನ ಪ್ಲೈವುಡ್ ತುಂಡು ತೆಗೆದುಕೊಂಡು, ತಿರುಗಿಸಿ ನೋಡಿ, ಏನೂ ಹೇಳದೆ ಒಂದು ಸಾಲಿನ ಹತ್ತಿರ ಹೋದರು. ಒಂದು ಹೆಂಚು ಎಳೆದು ತುಂಡನ್ನು ಅದರ ಅಂಚಿಗೆ ಒತ್ತಿದರು. ಕೂತಿತು. ಎರಡನೆಯ ತುಂಡಿಗೆ ಇನ್ನೊಂದು ಸಾಲು. ಅದೂ ಕೂತಿತು. ಆಮೇಲೆ ಎರಡು ಹೆಂಚನ್ನು ಒಂದಕ್ಕೊಂದು ಮೆಲ್ಲಗೆ ತಾಗಿಸಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡು, ಕಿವಿಯಲ್ಲೇ ಆರಿಸಲು ಶುರು ಮಾಡಿದರು. ನಾನು ಗೆಣ್ಣು ನೋಯುವವರೆಗೆ ಬಡಿದು ಒಂದು ಗಂಟೆಯಲ್ಲಿ ಆರಿಸುವಷ್ಟನ್ನು ಅವರು ಹತ್ತು ನಿಮಿಷದಲ್ಲಿ ಆರಿಸಿಟ್ಟರು. ತಳ್ಳಿಹಾಕಿದ್ದರಲ್ಲಿ ಎರಡನ್ನು ನಾನು ಮತ್ತೆ ಬಡಿದು ನೋಡಿದೆ. ನನಗೆ ಎರಡೂ ಟಣ್ ಅನ್ನಿಸಿತು. ಅವರು ಒಂದನ್ನು ಬೆಳಕಿಗೆ ಓರೆ ಹಿಡಿದು, ರೀಪರಿಗೆ ಸಿಕ್ಕಿಕೊಳ್ಳುವ ಕೊಕ್ಕೆಯ ಬುಡ ತೋರಿಸಿದರು. ಅಲ್ಲಿ ಕೂದಲಿನಷ್ಟು ಗೆರೆ.

ಆಲ್ಬುಕರ್ಕ್ 130, ಜೆಪ್ಪು ಅಚ್ಚಿನವು 100, ಹೆಂಚಿಗೆ 24 ರೂಪಾಯಿಯಂತೆ 5,520 ರೂಪಾಯಿ. ಎರಡು ಗಾಜಿನ ಹೆಂಚನ್ನು ಸುಮ್ಮನೆ ಸೇರಿಸಿಕೊಟ್ಟರು. "ಆ ಮರದ ತುಂಡು ಇಲ್ಲೇ ಬಿಟ್ಟು ಹೋಗಿ, ನನಗೆ ಬೇಕು" ಅಂದರು. ಬಿಟ್ಟು ಬಂದೆ. ಲಾರಿಯಲ್ಲಿ ಒಣಹುಲ್ಲು ತುಂಬಿ ಕಳಿಸಿದ ಮಾಲು ಮೂರನೇ ದಿನ ಕಲಾಸಿಪಾಳ್ಯಕ್ಕೆ ಬಂತು. 13 ಒಡೆದಿದ್ದವು. ಘಟ್ಟದ ದಾರಿಗೆ ಅದು ಕಡಿಮೆಯೇ ಅಂದರು ಮೇಸ್ತ್ರಿ.

ಏಳನೇ ವಾರ: ಹೊದಿಸುವುದು

ಹೊದಿಸುವುದಕ್ಕಿಂತ ಮುಂಚೆ ರೀಪರ್ ಹೊಡೆಯುವುದೇ ನಿಜವಾದ ಕೆಲಸ. ಸಾಲಿಂದ ಸಾಲಿಗೆ ಜಾಗ ಹೆಂಚಿನ ಕೊಕ್ಕೆ ನಿರ್ಧರಿಸಬೇಕು, ಟೇಪಲ್ಲ. ಮೂರು ಹೆಂಚು ನೆಲದ ಮೇಲೆ ಸಡಿಲವಾಗಿ ಜೋಡಿಸಿ ಒಂದು ಅಳತೆ, ಬಿಗಿಯಾಗಿ ಜೋಡಿಸಿ ಇನ್ನೊಂದು ಅಳತೆ, ಎರಡರ ನಡುವಿನದು ನಮಗೆ ಬೇಕಾದ್ದು. ಮುಂಭಾಗಕ್ಕೆ 320 ಮಿಲಿಮೀಟರ್ ಬಂತು, ಹಿಂಭಾಗಕ್ಕೆ 317. ಈ 3 ಮಿಲಿಮೀಟರನ್ನು ಹಿಂದಿನವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎರಡೂ ಕಡೆ ಒಂದೇ ಅಳತೆ ಹೊಡೆದಿದ್ದರು.

ನಾನು ಇಟ್ಟುಕೊಂಡ ಕಟ್ಟುನಿಟ್ಟು ಒಂದೇ. ಒಂದು ಇಳಿಜಾರಿಗೆ ಒಂದೇ ಅಚ್ಚು. ರಸ್ತೆ ಕಡೆ ಪೂರ್ತಿ ಜೆಪ್ಪು, ಹಿತ್ತಿಲ ಕಡೆ ಪೂರ್ತಿ ಆಲ್ಬುಕರ್ಕ್. ಆಫೀಸು ರೂಮಿನ ಮೇಲೆ ಕಾಮನ್‌ವೆಲ್ತ್ ಹೆಂಚನ್ನೇ ಹಾಕಿ, ಆ ನೇರ ಗೆರೆಯನ್ನೂ ಹಾಗೇ ಉಳಿಸಿದೆ. ಕವುಚುವ ಏಣು ಎಡಗಡೆಗಿದ್ದದ್ದರಿಂದ ಎಡತುದಿಯಿಂದ, ಕೆಳಸಾಲಿನಿಂದ ಶುರು. ಚಾಚಿನ ಮೊದಲೆರಡು ಸಾಲನ್ನು ಕೊಕ್ಕೆಯ ತೂತಿನಲ್ಲಿ ತಂತಿ ಪೋಣಿಸಿ ಕಟ್ಟಿದೆವು. ಗಾಳಿಗಲ್ಲ, ಕೋತಿಗಳಿಗೆ.

ಕೋತಿಗಿಂತ ಹೆಚ್ಚು ಒಡೆದವನು ನಾನೇ. ಹೆಂಚಿನ ಮೇಲೆ ನಡೆಯುವಾಗ ರೀಪರ್ ಇರುವ ಕಡೆ, ಅಂದರೆ ಎರಡು ಸಾಲು ಕೂಡುವ ಕಡೆ, ಕಾಲಿಡಬೇಕು. ಗೊತ್ತಿತ್ತು. ನೀರಿನ ಬಾಟಲಿ ಹಿಡಿಯಲು ಒಂದು ಹೆಜ್ಜೆ ಪಕ್ಕಕ್ಕಿಟ್ಟೆ ಅಷ್ಟೆ. ಮೂರು ಹೆಂಚು, ಮೊಣಕಾಲಿನವರೆಗೆ ನಾನು. ಕೆಳಗೆ ನಡುಮನೆಯಲ್ಲಿ ಹುರಳೀಕಾಯಿ ಬಿಡಿಸುತ್ತಿದ್ದ ದೊಡ್ಡಮ್ಮನಿಗೆ ಮೇಲಿಂದ ಒಂದು ಕಾಲು ಕಂಡಿತಂತೆ.

ನೆತ್ತಿಯ ರಿಡ್ಜ್ ಹೆಂಚಿಗೆ ಸಿಮೆಂಟು ಬೇಡ ಅಂದಾಗ ಮೇಸ್ತ್ರಿ ಮೊದಲು ಮುಖ ಗಂಟಿಕ್ಕಿಕೊಂಡರು. ಸಿಮೆಂಟು ಹೆಂಚಿಗಿಂತ ಗಟ್ಟಿ, ಬಿಸಿಲಿಗೆ ಇಬ್ಬರಿಗೂ ಜಗಳವಾದರೆ ಬಿರಿಯುವುದು ಹೆಂಚು. ಎರಡು ವಾರ ನೆನೆಸಿಟ್ಟ ಸುಣ್ಣ ಒಂದು ಪಾಲು, ಮರಳು ಒಂದೂವರೆ, ಇಟ್ಟಿಗೆ ಪುಡಿ ಅರ್ಧ, ಕಲಸಲು ಬೆಲ್ಲದ ನೀರು. ಕಲಸಿದ ಮೇಲೆ ಮೇಸ್ತ್ರಿಯೇ ಒಂದು ಚಿಟಿಕೆ ಬೆರಳಲ್ಲಿ ಹಿಸುಕಿ, "ನಮ್ಮಪ್ಪ ಹೀಗೇ ಮಾಡ್ತಿದ್ದರು" ಅಂದರು. ಅಲ್ಲಿಂದ ಮುಂದೆ ನನ್ನನ್ನು ಆ ಕಡೆ ಸೇರಿಸಲಿಲ್ಲ. ಹತ್ತು ದಿನ ಒದ್ದೆ ಗೋಣಿ ಹೊದಿಸಿ ಹದ ಮಾಡಿದೆವು. ಇರುವೆ ಬಂದವು. ಬೆಲ್ಲ ಹಾಕಿದರೆ ಬರದೆ?

ಪರೀಕ್ಷೆ

ಏಪ್ರಿಲ್ ಎರಡನೇ ಭಾನುವಾರ ಮತ್ತೆ ಪೈಪು, ಮತ್ತೆ ಕೆಳಗಿನಿಂದ. ಮುಂಭಾಗ ನಲವತ್ತು ನಿಮಿಷ, ಒಂದು ಹನಿ ಇಲ್ಲ. ಹಿಂಭಾಗದ ಐದನೇ ಸಾಲಿಗೆ ಒಂದು ಹನಿ ಬಂತು. ಎತ್ತಿ ನೋಡಿದರೆ ಹೆಂಚಿನ ಕಾಲುವೆಯಲ್ಲಿ ಗಾರೆಯ ಒಂದು ಚೂರು ಸಿಕ್ಕಿಕೊಂಡು ನೀರಿಗೆ ಅಡ್ಡಗಟ್ಟೆ ಕಟ್ಟಿತ್ತು, ಕಡಲೆಬೀಜದಷ್ಟು. ತೆಗೆದೆ, ನಿಂತಿತು.

ಅಶ್ವಿನಿ ಬರೀ ಗುಡುಗಿ ಹೋಯಿತು. ಭರಣಿ ಕೈಬಿಡಲಿಲ್ಲ. ಮೇ ಮೊದಲ ವಾರ ಒಂದು ಸಂಜೆ ಆಲಿಕಲ್ಲು ಸಮೇತ ಮುಕ್ಕಾಲು ಗಂಟೆ ಬಡಿಯಿತು. ನಡುಮನೆಯ ಮೂಲೆ ಒಣಗಿತ್ತು. ಆದರೆ ಹೆಂಚಿನ ಸೂರು ಮುಗಿದು ಮದ್ರಾಸ್ ತಾರಸಿ ಶುರುವಾಗುವ ಸಂದಿನಲ್ಲಿ, ಇಷ್ಟು ದಿನ ಒಮ್ಮೆಯೂ ಸೋರದ ಕಡೆ, ಗೋಡೆಯ ಮೇಲೆ ಅಂಗೈಯಗಲ ತೇವ ಕಾಣಿಸಿಕೊಂಡಿದೆ. ಮೊದಲು ಹತ್ತು ಕಡೆ ಒಳಗಿಳಿಯುತ್ತಿದ್ದ ನೀರೆಲ್ಲ ಈಗ ನೆಟ್ಟಗೆ ಆ ಸಂದಿನಲ್ಲಿ ನೀರು ಹರಿಯಲು ಇಟ್ಟ ತಗಡಿನ ದೋಣಿಗೇ ಬಂದು ಬೀಳುತ್ತಿದೆ, ಅದರ ಓಟ ಸಾಲುತ್ತಿಲ್ಲ. ದೋಣಿಯ ತಗಡನ್ನು ಒಂದೂವರೆ ಇಂಚು ಓರೆ ಮಾಡಬೇಕು. ತಾರಸಿಯ ಅಂಚು ಕೆರೆಯದೆ ಅದು ಆಗುವುದಿಲ್ಲ, ಮಳೆಗಾಲದಲ್ಲಿ ತಾರಸಿ ಮುಟ್ಟಬೇಡಿ ಅಂತ ಮೇಸ್ತ್ರಿ ಕಟ್ಟಪ್ಪಣೆ ಮಾಡಿದ್ದಾರೆ. ಸದ್ಯಕ್ಕೆ ಟಾರ್ಪಾಲು.

ಮಿಕ್ಕ ಹೆಂಚು 26. ಜೆಪ್ಪು 11, ಆಲ್ಬುಕರ್ಕ್ 15. ಹಿತ್ತಿಲ ಗೋಡೆಗೆ ಬೇರೆ ಬೇರೆ ಎರಡು ಸಾಲಾಗಿ ನಿಲ್ಲಿಸಿ, ಕಲಸಬೇಡಿ ಅಂತ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಹೋದ ವಾರ ಎಣಿಸಿದರೆ ಆಲ್ಬುಕರ್ಕ್ 14 ಇತ್ತು. ಒಂದು ತುಳಸಿ ಕುಂಡದ ಅಡಿಗೆ ಹೋಗಿದೆ.